ಹಾರಲು ಮರೆತ ಚಿಟ್ಟೆ, ತಲೆ ತಿರುಗುವ ಹಾವು

ಬಾಲ್ ಪೈಥಾನ್ ಅಂತ ಒಂದು ಹಾವಿದೆ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೋ, ಬೆನಿನ್ ಕಡೆಯದು. ವಿಷ ಇಲ್ಲ, ಅಷ್ಟೇನೂ ಸಿಟ್ಟೂ ಇಲ್ಲ. ಹೆದರಿದರೆ ಚೆಂಡಿನ ಹಾಗೆ ಸುತ್ತಿಕೊಂಡು ತಲೆಯನ್ನು ಒಳಗೆ ಬಚ್ಚಿಟ್ಟುಕೊಳ್ಳುತ್ತೆ, ಅದಕ್ಕೇ ಆ ಹೆಸರು. ಅಮೆರಿಕ, ಯೂರೋಪಿನಲ್ಲಿ ಇದನ್ನು ನಾಯಿ ಬೆಕ್ಕಿನ ಹಾಗೆ ಮನೆಯಲ್ಲಿ ಸಾಕುತ್ತಾರೆ. ಮೊನ್ನೆ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬ ಊಟದ ಹೊತ್ತಿನಲ್ಲಿ ಇದರ ಫೋಟೋಗಳನ್ನು ತೋರಿಸುತ್ತಾ ಕೂತಿದ್ದ. ಪೂರ್ತಿ ಬಿಳಿ, ಬಾಳೆಹಣ್ಣಿನ ಹಳದಿ, ಅರ್ಧ ಬಿಳಿ ಅರ್ಧ ಕಂದು... ಒಂದೊಂದಕ್ಕೂ ಒಂದೊಂದು ಹೆಸರು. ಇವಕ್ಕೆ 'ಮಾರ್ಫ್' ಅಂತಾರೆ. ಸಾವಿರಾರು ಮರಿಗಳಲ್ಲಿ ಯಾವುದೋ ಒಂದರ ಜೀನಿನಲ್ಲಿ ಏನೋ ಎಡವಟ್ಟಾಗಿ ಬಣ್ಣ ಬದಲಾಗಿರುತ್ತೆ. ಅದನ್ನು ಹಿಡಿದು, ಕೂಡಿಸಿ, ಮರಿ ಮಾಡಿಸಿ, ಮತ್ತೆ ಕೂಡಿಸಿ, ಕೊನೆಗೆ ಆ ಎಡವಟ್ಟನ್ನೇ ಒಂದು ಮಾಲು ಮಾಡುವುದು ಇದರ ಕಸುಬು.

ಇದರಲ್ಲಿ 'ಸ್ಪೈಡರ್' ಅನ್ನುವ ಮಾರ್ಫ್ ಬಂದದ್ದು 1999ರಲ್ಲಿ. ಮೈಮೇಲೆ ಜೇಡರ ಬಲೆಯಂಥ ಸಣ್ಣ ಗೆರೆಗಳು, ನೋಡಲು ನಿಜಕ್ಕೂ ಚೆಂದ. ಆದರೆ ಈ ಹಾವಿಗೆ ತಲೆ ನಿಲ್ಲುವುದಿಲ್ಲ. ಅಲುಗಾಡುತ್ತಿರುತ್ತೆ, ಕೆಲವು ಸಲ ತಿರುಚಿಕೊಂಡು ಮೇಲುಕೆಳಗಾಗುತ್ತೆ, ಇಲಿಗೆ ಬಾಯಿ ಹಾಕಿದರೆ ಗುರಿ ತಪ್ಪುತ್ತೆ. 2022ರಲ್ಲಿ ಸಂಶೋಧಕರು ಸ್ಕ್ಯಾನ್ ಮಾಡಿ ನೋಡಿದಾಗ, ದೇಹದ ಸಮತೋಲ ಕಾಯುವ ಒಳಕಿವಿಯ ನಾಳಗಳೇ ಸರಿಯಾಗಿ ಬೆಳೆದಿಲ್ಲ ಅಂತ ಗೊತ್ತಾಯಿತು. ಚೆಂದದ ಗೆರೆ ಬೇಕೆಂದರೆ ತಲೆ ತಿರುಗುವುದನ್ನೂ ಕೊಳ್ಳಬೇಕು, ಎರಡೂ ಒಂದೇ ಕಟ್ಟಿನಲ್ಲಿ ಬರುತ್ತವೆ. ಬ್ರಿಟನ್ನಿನ ಹಾವು ಸಾಕುವವರ ಒಂದು ಸಂಘ ತನ್ನ ಪ್ರದರ್ಶನಗಳಲ್ಲಿ ಇದರ ಮಾರಾಟವನ್ನೇ ನಿಲ್ಲಿಸಿತು. ಹಾಗಂತ ಮರಿ ಮಾಡಿಸುವುದೇನೂ ನಿಂತಿಲ್ಲ.

ನಮ್ಮ ದೇಶದ ಹಾವುಗಳನ್ನು ಸಾಕುವುದಕ್ಕೆ 1972ರ ವನ್ಯಜೀವಿ ಕಾಯ್ದೆ ಬಿಡುವುದಿಲ್ಲ. ಹೊರದೇಶದ ಹಾವಾದರೆ 2024ರ ನಿಯಮಗಳ ಪ್ರಕಾರ ನೋಂದಾಯಿಸಬೇಕು. (ನಮ್ಮ ಕಡೆ ಹಾವಿನ ವ್ಯಾಪಾರ ಅಂದರೆ ಬೇರೆಯದೇ ಕಥೆ. ಪಾಪದ ಮಣ್ಣುಮುಕ್ಕ ಹಾವನ್ನು 'ಎರಡು ತಲೆ ಹಾವು, ಮನೆಯಲ್ಲಿಟ್ಟರೆ ನಿಧಿ ಸಿಗುತ್ತೆ' ಅಂತ ನಂಬಿಸಿ ಲಕ್ಷಗಟ್ಟಲೆಗೆ ಮಾರಲು ಹೋಗಿ ಪೊಲೀಸರ ಕೈಗೆ ಸಿಗುತ್ತಾರಲ್ಲ, ಅದು. ಅದರ ಬಗ್ಗೆ ಇನ್ನೊಮ್ಮೆ ಬರೆಯುತ್ತೇನೆ.)

ಸರಿ, ಊಟದ ಟೇಬಲ್ಲಿನಲ್ಲಿ ಎಲ್ಲರೂ ಛೆ ಛೆ ಅಂದರು. ಮನುಷ್ಯನ ಖಯಾಲಿಗೆ ಪ್ರಾಣಿಯ ಮೈಯನ್ನೇ ತಿದ್ದುವುದು ಎಷ್ಟು ಸರಿ ಅಂತ. ನಾನೂ ಛೆ ಅಂದೆ. ಆದರೆ ನಾನು ಶ್ರೀನಿವಾಸಪುರ ತಾಲ್ಲೂಕಿನವನು. ರೇಷ್ಮೆ ಮೇಯಿಸಿದ ದುಡ್ಡಿನಲ್ಲಿ ಇಂಜಿನಿಯರಿಂಗ್ ಓದಿದವನು. ಮನುಷ್ಯ ತನ್ನ ಬಯಕೆಗೆ ತಕ್ಕಂತೆ ಮೈ, ಬಣ್ಣ, ಬುದ್ಧಿ ಎಲ್ಲವನ್ನೂ ತಿದ್ದಿಟ್ಟಿರುವ ಪ್ರಾಣಿ ಯಾವುದಾದರೂ ಇದ್ದರೆ ಅದು ನಮ್ಮ ಹುಳುಮನೆಯಲ್ಲೇ ಇದೆ. ಅದರ ಮುಂದೆ ಸ್ಪೈಡರ್ ಹಾವು ನಿನ್ನೆ ಮೊನ್ನೆಯ ಕೂಸು.

ರೇಷ್ಮೆ ಹುಳುವಿಗೆ ಕಾಡಿನಲ್ಲಿ ಒಬ್ಬ ದಾಯಾದಿ ಇದ್ದಾನೆ. ಚೀನಾ, ಕೊರಿಯಾ, ಜಪಾನುಗಳಲ್ಲಿ ಹಿಪ್ಪುನೇರಳೆ ಗಿಡದ ಮೇಲೆ ಇವತ್ತಿಗೂ ಸಿಗುವ ಬಾಂಬಿಕ್ಸ್ ಮ್ಯಾಂಡರೀನಾ. ಆ ಹುಳು ಕಂದು ಬಣ್ಣದ್ದು, ಕೊಂಬೆಯ ಮೇಲೆ ಕೂತರೆ ಹಕ್ಕಿಗೆ ಕಾಣುವುದಿಲ್ಲ. ಅದರ ಚಿಟ್ಟೆ ಹಾರುತ್ತೆ. ಸುಮಾರು ಐದು ಸಾವಿರ ವರ್ಷದ ಹಿಂದೆ ಚೀನಾದಲ್ಲಿ ಇದರ ಪೂರ್ವಜರನ್ನು ಮನೆಯೊಳಗೆ ತಂದವರು, ಓಡಿಹೋಗದ್ದನ್ನು ಇಟ್ಟುಕೊಂಡರು, ದೊಡ್ಡ ಗೂಡು ಕಟ್ಟುವುದನ್ನು ಇಟ್ಟುಕೊಂಡರು, ಉಳಿದದ್ದನ್ನು ಬಿಟ್ಟರು. ಇವತ್ತು ನಮ್ಮ ಮನೆಯಲ್ಲಿರುವ ಬಾಂಬಿಕ್ಸ್ ಮೋರಿ ಬೆಳ್ಳಗಿದೆ. ತಟ್ಟೆಯಲ್ಲಿ ಸೊಪ್ಪು ಮುಗಿದರೂ ಹುಡುಕಿಕೊಂಡು ಹೋಗುವುದಿಲ್ಲ, ಹಾಕುವವರೆಗೆ ತಲೆ ಎತ್ತಿಕೊಂಡು ಕಾಯುತ್ತೆ. ಚಿಟ್ಟೆಗೆ ರೆಕ್ಕೆ ಇದೆ, ಪಟಪಟ ಬಡಿಯುತ್ತೆ, ಹಾರಲು ಆಗುವುದಿಲ್ಲ. ತಿನ್ನುವುದಕ್ಕೆ ಬಾಯೂ ಇಲ್ಲ. ಗಿಡದ ಮೇಲೆ ಬಿಟ್ಟು ಬಂದರೆ ಸಂಜೆಯೊಳಗೆ ಕಾಗೆಯೋ ಇರುವೆಯೋ ಮುಗಿಸುತ್ತವೆ. ಮನುಷ್ಯ ಇಲ್ಲದೆ ಹೋದರೆ ಒಂದು ತಲೆಮಾರೂ ಬದುಕದ ಪ್ರಾಣಿ ಇದು.

ಇದು ನಮ್ಮ ಸೀಮೆಗೆ ಬಂದದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ, 1780ರ ದಶಕದಲ್ಲಿ. ಬಂಗಾಳಕ್ಕೆ ಜನರನ್ನು ಕಳಿಸಿ ಹುಳು ತರಿಸಿದ. ಹಾಗೆ ಬಂದ ಹುಳು ಇಲ್ಲಿನ ಬಿಸಿಲು, ಇಲ್ಲಿನ ಸೊಪ್ಪು, ಇಲ್ಲಿನ ಮಣ್ಣಿನ ಗೋಡೆಗಳಿಗೆ ಒಗ್ಗಿಕೊಂಡು ತಲೆಮಾರುಗಟ್ಟಲೆ ಉಳಿದದ್ದೇ 'ಶುದ್ಧ ಮೈಸೂರು' ಅಂತ ಈಗ ಕರೆಯುವ ತಳಿ. ಇದರ ಗೂಡು ಚಿಕ್ಕದು, ತುದಿ ಚೂಪು, ಬಣ್ಣ ಹಸಿರು ಬೆರೆತ ಹಳದಿ. ಎಳೆ 300-400 ಮೀಟರ್ ಬಂದರೆ ಹೆಚ್ಚು. ಆದರೆ ಗಟ್ಟಿ ಪ್ರಾಣಿ. ವರ್ಷಕ್ಕೆ ಐದಾರು ಬೆಳೆ. ಮೊಟ್ಟೆ ನಿದ್ದೆಗೆ ಹೋಗುವುದಿಲ್ಲ, ಹತ್ತು ದಿನಕ್ಕೆ ಒಡೆಯುತ್ತೆ. ಹತ್ತೊಂಬತ್ತನೇ ಶತಮಾನದ ಗೆಜೆಟಿಯರುಗಳಲ್ಲೇ ಬೆಂಗಳೂರಿನ ಜೊತೆಗೆ ಕೋಲಾರವೂ ರೇಷ್ಮೆ ಜಿಲ್ಲೆ ಅಂತ ಬರುತ್ತೆ.

1860ರ ದಶಕದಲ್ಲಿ ಮೈಸೂರು ಸೀಮೆಯ ಹುಳುಗಳಿಗೆ ಸಾವು ಬಡಿಯಿತು. ಅದೇ ಹೊತ್ತಿಗೆ ಯೂರೋಪಿನಲ್ಲೂ ಗಂಟುರೋಗ. ಫ್ರಾನ್ಸಿನಲ್ಲಿ ಲೂಯಿ ಪಾಶ್ಚರ್ 1865ರಿಂದ ಐದು ವರ್ಷ ಇದೇ ಹುಳುವಿನ ಹಿಂದೆ ಬಿದ್ದು, ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ರೋಗ ಗೊತ್ತಾಗುತ್ತೆ, ಅಂಥ ತಾಯಿಯ ಮೊಟ್ಟೆ ಎಸೆಯಬೇಕು ಅಂತ ಕಂಡುಹಿಡಿದ. ನಮ್ಮ ಬಿತ್ತನೆ ಕೋಠಿಗಳಲ್ಲಿ ಇವತ್ತಿಗೂ ನಡೆಯುವುದು ಅದೇ ಪರೀಕ್ಷೆ. ಇಲ್ಲಿ ದೆ ವೆಕ್ಕಿ ಅನ್ನುವ ಇಟಲಿಯವನು ಜಪಾನಿನಿಂದ ಮೊಟ್ಟೆ ತರಿಸಿ ನೋಡಿದ, ನಿಲ್ಲಲಿಲ್ಲ. ಆಮೇಲೆ 1890ರ ದಶಕದ ಕೊನೆಯಲ್ಲಿ ಜಮ್‌ಶೆಟ್‌ಜಿ ಟಾಟಾ ಬೆಂಗಳೂರಿನಲ್ಲಿ ಜಪಾನಿನ ತಜ್ಞರನ್ನು ಕರೆಸಿ ಫಾರಂ ಮಾಡಿದರು. ಬಸವನಗುಡಿ ಕಡೆ 'ಟಾಟಾ ಸಿಲ್ಕ್ ಫಾರಂ' ಅಂತ ಬಸ್ ಸ್ಟಾಪಿನ ಹೆಸರು ಕೇಳಿರುತ್ತೀರಿ, ಅದೇ. ಹುಳು ಹೋಯಿತು, ಹೆಸರು ಉಳಿಯಿತು :)

ಈಗ ಕಥೆಗೆ ಮೆಂಡೆಲ್ ಬರುತ್ತಾನೆ. ನಾವೆಲ್ಲ ಪಿಯುಸಿಯಲ್ಲಿ ಬಟಾಣಿ ಗಿಡದ ಲೆಕ್ಕ ಮಾಡಿದವರೇ. ಆ ಲೆಕ್ಕ ಪ್ರಾಣಿಗಳಿಗೂ ನಡೆಯುತ್ತೆ ಅಂತ ತೋರಿಸಿದ ಮೊದಲಿಗರಲ್ಲಿ ಜಪಾನಿನ ತೋಯಾಮಾ ಕಾಮೆತಾರೋ ಒಬ್ಬ. ಸಯಾಮಿನ (ಈಗಿನ ಥಾಯ್ಲೆಂಡ್) ಹಳದಿ ಗೂಡಿನ ಹುಳುವನ್ನೂ ಜಪಾನಿನ ಬಿಳಿ ಗೂಡಿನ ಹುಳುವನ್ನೂ ಕೂಡಿಸಿದ. ಮೊದಲ ಪೀಳಿಗೆಯಲ್ಲಿ ಎಲ್ಲಾ ಹಳದಿ. ಅವನ್ನು ಅವುಗಳಲ್ಲೇ ಕೂಡಿಸಿದರೆ ಮೂರು ಹಳದಿಗೆ ಒಂದು ಬಿಳಿ. ಇದನ್ನು 1906ರಲ್ಲಿ ಪ್ರಕಟಿಸಿದ. ಅದಕ್ಕಿಂತ ಮುಖ್ಯವಾಗಿ, ಆ ಮೊದಲ ಪೀಳಿಗೆಯ ಮಿಶ್ರ ಹುಳುಗಳು ಅಪ್ಪ ಅಮ್ಮ ಇಬ್ಬರಿಗಿಂತಲೂ ಗಟ್ಟಿ ಅನ್ನುವುದನ್ನು ಕಂಡು, ರೈತರಿಗೆ ಅದನ್ನೇ ಕೊಡಿ ಅಂದ. ಜಪಾನ್ ಹತ್ತಿಪ್ಪತ್ತು ವರ್ಷದಲ್ಲಿ ಪೂರ್ತಿ ಅದಕ್ಕೇ ತಿರುಗಿತು.

ಮೈಸೂರು ಸಂಸ್ಥಾನ ಇದನ್ನು ನೋಡುತ್ತಾ ಕೂರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ ರೇಷ್ಮೆಗೆ ಅಂತಲೇ ಇಲಾಖೆ ಶುರುವಾಯಿತು. ಮೊದಲು ವಾಷಿಂಗ್ಟನ್ ಮಾರಿ ಅನ್ನುವ ಇಟಲಿಯವರು, ಆಮೇಲೆ ಯೋನೆಮುರಾ ಅನ್ನುವ ಜಪಾನಿನವರು ಇಲ್ಲಿ ಕೆಲಸ ಮಾಡಿದರು. ಯೋನೆಮುರಾ ಮತ್ತು ಎನ್. ರಾಮರಾವ್ ಸೇರಿ ಬರೆದ ಕೈಪಿಡಿಯನ್ನು 1925ರಲ್ಲಿ ಸರ್ಕಾರವೇ ಅಚ್ಚು ಹಾಕಿತು. 1920ರ ದಶಕದಲ್ಲೇ ಮೈಸೂರು ತಾಯಿಗೆ ಹೊರಗಿನ ಗಂಡನ್ನು ಕೂಡಿಸಿದ ಮಿಶ್ರತಳಿ ರೈತರ ಮನೆ ಸೇರತೊಡಗಿತು. ಕೋಲಾರದ ಗೂಡಿನ ಮಾರುಕಟ್ಟೆಗೆ ಹೋದರೆ ಜಾಲರಿಯಲ್ಲಿ ಸುರಿದಿರುವ ಹಳದಿ ಗೂಡು ನೋಡುತ್ತೀರಲ್ಲ, ಅದು ತೋಯಾಮಾನ ಮೊದಲ ಪೀಳಿಗೆಯೇ. ಮೆಂಡೆಲ್ ಲೆಕ್ಕವನ್ನು ಕ್ವಿಂಟಾಲ್ ಗಟ್ಟಲೆ ಹರಾಜು ಹಾಕುವ ಊರು ನಮ್ಮದು.

ಆ ಗೂಡಿಗೆ ಹಳದಿ ಬರುವುದು ಹೇಗೆ ಗೊತ್ತಾ? ಹಿಪ್ಪುನೇರಳೆ ಸೊಪ್ಪಿನಲ್ಲಿ ಕ್ಯಾರಟ್ಟಿನಲ್ಲಿರುವಂಥದ್ದೇ ಬಣ್ಣ ಇದೆ. ಹಳದಿ ಗೂಡಿನ ತಳಿಯಲ್ಲಿ ಅದು ಕರುಳಿನಿಂದ ರಕ್ತಕ್ಕೆ, ರಕ್ತದಿಂದ ರೇಷ್ಮೆ ಗ್ರಂಥಿಗೆ ದಾಟುತ್ತೆ. ಬಿಳಿ ಗೂಡಿನ ತಳಿಯಲ್ಲಿ ದಾಟಿಸುವ ಜೀನು ಕೆಟ್ಟಿರುತ್ತೆ. ಅಂದರೆ ಎಲ್ಲರಿಗೂ ಬೇಕಾದ, ಹೆಚ್ಚು ಬೆಲೆಯ ಬಿಳಿ ಗೂಡು ಒಂದು ಮ್ಯುಟೇಶನ್! ಬಾಲ್ ಪೈಥಾನಿನ ಬಿಳಿ ಮಾರ್ಫಿಗೂ ಇದಕ್ಕೂ ಆ ಮಟ್ಟಿಗೆ ದೊಡ್ಡ ವ್ಯತ್ಯಾಸ ಇಲ್ಲ.

ವಿಚಿತ್ರ ಮ್ಯುಟೇಶನ್‌ಗಳೇ ಬೇಕೆಂದರೆ ಜಪಾನಿನ ಕ್ಯೂಶೂ ವಿಶ್ವವಿದ್ಯಾಲಯದಲ್ಲಿ ನೂರಾರು ಬಗೆ ಹುಳುಗಳನ್ನು ತಲೆಮಾರಿನಿಂದ ಕಾಪಾಡಿಕೊಂಡು ಬಂದಿದ್ದಾರೆ. ಜೀಬ್ರಾ ಪಟ್ಟೆಯದು, ಮೈ ತುಂಬ ಚಂದ್ರನಂಥ ಬೊಟ್ಟಿನದು, ಎಣ್ಣೆ ಕಾಗದದ ಹಾಗೆ ಒಳಗಿನದೆಲ್ಲ ಕಾಣುವ ಪಾರದರ್ಶಕ ಚರ್ಮದ್ದು. ಅಷ್ಟು ದೂರ ಹೋಗಬೇಕಿಲ್ಲ. ಮಾಲೂರಿನಿಂದ ಹೊಸೂರು ರಸ್ತೆ ಹಿಡಿದರೆ ಅಲ್ಲೇ ಕೇಂದ್ರ ರೇಷ್ಮೆ ಮಂಡಳಿಯ ತಳಿ ಸಂಗ್ರಹ ಕೇಂದ್ರ ಇದೆ. ದೇಶದ ಹಿಪ್ಪುನೇರಳೆ ಮತ್ತು ರೇಷ್ಮೆ ಹುಳು ತಳಿಗಳನ್ನು ಉಳಿಸಿಕೊಳ್ಳುವುದೇ ಅದರ ಕೆಲಸ.

ಹಾಗಾದರೆ ಸ್ಪೈಡರ್ ಹಾವಿನವನನ್ನು ಬೈಯುವ ಯೋಗ್ಯತೆ ನಮಗೆ ಇದೆಯಾ? ಇದನ್ನು ಬಹಳ ದಿನ ಯೋಚನೆ ಮಾಡಿದೆ. ಇದೆ ಅನ್ನುವುದು ನನ್ನ ಅಭಿಪ್ರಾಯ, ಆದರೆ ಸುಲಭವಾಗಿ ಅಲ್ಲ.

ಮೊದಲು ಕೊಲ್ಲುವ ವಿಷಯ ಪಕ್ಕಕ್ಕಿಡೋಣ. ರೇಷ್ಮೆ ಅಂದ ಕೂಡಲೇ ಎಲ್ಲರೂ ಅದನ್ನೇ ಹಿಡಿದುಕೊಳ್ಳುತ್ತಾರೆ. ಹೌದು, ಒಂದು ಕೆಜಿ ರೇಷ್ಮೆಗೆ ಆರೇಳು ಕೆಜಿ ಗೂಡು ಬೇಕು, ಅರ್ಧ ಕೆಜಿ ತೂಕದ ಒಂದು ಸೀರೆಗೆ ಸುಮಾರು ಎರಡು ಸಾವಿರ ಹುಳು. ಎಲ್ಲವೂ ಗೂಡಿನೊಳಗೇ ಬಿಸಿಗೆ ಸಾಯುತ್ತವೆ. ಇದಕ್ಕೆ ಪರಿಹಾರ ಅಂತ ಹೈದರಾಬಾದಿನ ಕುಸುಮ ರಾಜಯ್ಯ 'ಅಹಿಂಸಾ ರೇಷ್ಮೆ' ಮಾಡಿದರು, ಚಿಟ್ಟೆ ಹೊರಗೆ ಬಂದ ಮೇಲೆ ಉಳಿದ ಗೂಡಿನಿಂದ ನೂಲು ತೆಗೆಯುವುದು. ಒಳ್ಳೆಯ ಮನಸ್ಸಿನ ಕೆಲಸ, ಗೌರವ ಇದೆ. ಆದರೆ ಹೊರಗೆ ಬಂದ ಆ ಚಿಟ್ಟೆ ಏನು ಮಾಡಬೇಕು? ಹಾರಲಾರದು, ತಿನ್ನಲಾರದು. ಒಂದೊಂದು ಹೆಣ್ಣು ನಾನ್ನೂರು-ಐನೂರು ಮೊಟ್ಟೆ ಇಡುತ್ತೆ, ಅಷ್ಟನ್ನೂ ಮೇಯಿಸುವಷ್ಟು ಸೊಪ್ಪು ಈ ಭೂಮಿಯಲ್ಲಿ ಇಲ್ಲ. ಕೊಲ್ಲುವುದನ್ನು ನಿಲ್ಲಿಸಬಹುದು, ಹಾರುವುದನ್ನು ವಾಪಸು ಕೊಡಲು ಆಗುವುದಿಲ್ಲ. ಅದು ಐದು ಸಾವಿರ ವರ್ಷದ ಹಿಂದೆ ಆಗಿಹೋದ ಕೆಲಸ. ನನ್ನ ಪ್ರಶ್ನೆ ಆ ಕೆಲಸದ ಬಗ್ಗೆ: ಒಂದು ಪ್ರಾಣಿಯನ್ನು ಹೇಗೆ ಹುಟ್ಟಿಸುತ್ತೇವೆ ಅನ್ನುವುದರ ಬಗ್ಗೆ.

ಹಾರಲಾರದ ಚಿಟ್ಟೆಗೆ ಹಾರುವ ಅವಸರವೂ ಹೋಗಿದೆ. ಸೊಪ್ಪು ಹಾಕಿದರೆ ತಿಂದು, ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಹತ್ತಿ ಗೂಡು ಕಟ್ಟುವಷ್ಟರ ಮಟ್ಟಿಗೆ ಅದರ ಬದುಕು ಸರಾಗ. (ಗೊತ್ತಿಲ್ಲದವರಿಗೆ: ಹುಳು ಪೊರೆ ಬಿಡುವ ಹೊತ್ತನ್ನು ನಮ್ಮ ಕಡೆ ಜ್ವರ ಅಂತಾರೆ. ಸೊಪ್ಪು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂತಿರುತ್ತೆ, ನಿಜಕ್ಕೂ ಜ್ವರ ಬಂದವರ ಹಾಗೆ.) ಸ್ಪೈಡರ್ ಹಾವಿನ ಕಥೆ ಹಾಗಲ್ಲ. ಅದಕ್ಕೆ ಇಲಿ ಹಿಡಿಯುವ ಆಸೆ ಪೂರ್ತಿ ಇದೆ, ಹಿಡಿಯಲು ಬೇಕಾದ ಸಮತೋಲ ಇಲ್ಲ. ದಿನವೂ ಅದರ ಮೈಯೇ ಅದಕ್ಕೆ ಅಡ್ಡ. ಬಣ್ಣ ಬದಲಾಯಿಸುವುದು ಬೇರೆ, ಬೇಕಾದದ್ದನ್ನು ಮಾಡಲಾಗದ ಹಾಗೆ ಹುಟ್ಟಿಸುವುದು ಬೇರೆ. ಗೊತ್ತಿಲ್ಲದೆ ಒಮ್ಮೆ ಆದರೆ ಸರಿ, ಗೊತ್ತಿದ್ದೂ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ಮರಿ ಮಾಡಿಸುವುದನ್ನು ನಾನು ಒಪ್ಪಲಾರೆ.

ಆದರೆ ಇದೇ ಅಳತೆಗೋಲನ್ನು ರೇಷ್ಮೆಯ ಹತ್ತಿರದ ಇತಿಹಾಸಕ್ಕೆ ಹಿಡಿದರೆ ನಾವೂ ಅಷ್ಟು ನೆಟ್ಟಗಿಲ್ಲ. 1961ರಲ್ಲಿ ಮೈಸೂರಿನಲ್ಲಿ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆ ಶುರುವಾಯಿತು. 1970ರ ದಶಕದಲ್ಲಿ ಅಲ್ಲಿಂದ ಎನ್‌ಬಿ18, ಎನ್‌ಬಿ7, ಎನ್‌ಬಿ4ಡಿ2 ಅನ್ನುವ ದ್ವಿತಳಿಗಳು ಬಂದವು. ಬಿಳಿ, ದಪ್ಪ, ಉದ್ದ ಎಳೆಯ ಗೂಡು. ಆದರೆ ದ್ವಿತಳಿ ಹುಳುವಿಗೆ ಕೊನೆಯ ಹಂತದಲ್ಲಿ 24-25 ಡಿಗ್ರಿ ತಂಪು ಬೇಕು. ಏಪ್ರಿಲಿನಲ್ಲಿ ಮುಳಬಾಗಿಲಿನ ಶೀಟು ಮನೆಯೊಳಗೆ ಎಷ್ಟಿರುತ್ತೆ ಅಂತ ಹೇಳಬೇಕಿಲ್ಲ. ಅಂಥ ಮನೆಗೆ ಅಂಥ ಹುಳುವನ್ನು ತಂದರೆ ಕೊನೆಯ ಜ್ವರ ಎದ್ದ ಮೇಲೆ, ಸೊಪ್ಪೆಲ್ಲ ತಿಂದ ಮೇಲೆ, ಹಾಲು ರೋಗ ಬರುತ್ತೆ. ಮೈ ಉಬ್ಬಿ, ಚರ್ಮ ಒಡೆದು, ಹಾಲಿನಂಥ ನೀರು ಸುರಿಸಿಕೊಂಡು ತಟ್ಟೆ ಅಂಚಿಗೆ ಹರಿದಾಡಿ ಸಾಯುತ್ತವೆ. ಇಲ್ಲವೇ ಸಪ್ಪೆ ರೋಗ. ನಾನು ಚಿಕ್ಕವನಿದ್ದಾಗ ಹೀಗೆ ಹೋದ ಒಂದು ಬೆಳೆಯನ್ನು ಅಜ್ಜಿ ಮಂಕರಿಯಲ್ಲಿ ತುಂಬಿ ಗುಂಡಿಗೆ ಸುರಿದು ಸುಣ್ಣ ಹಾಕಿದ್ದು ನೆನಪಿದೆ. ಮನೆಯಲ್ಲಿ ತೆಲುಗು ಮಾತಾಡುವ ಅಜ್ಜಿ ಹುಳುಗಳಿಗೆ 'ಪುರುಗುಲು' ಅಂತಾರೆ, ಆವತ್ತು 'ಬಿಡ್ಡಲು' ಅಂದರು, ಮಕ್ಕಳು ಅಂತ. ನಮ್ಮಲ್ಲಿ ರೈತರು 'ನೂರು ಮೊಟ್ಟೆ' ಅಂದರೆ ನೂರು ತಾಯಿ ಚಿಟ್ಟೆ ಇಟ್ಟ ಮೊಟ್ಟೆ, ಅಂದರೆ ನಲವತ್ತು-ಐವತ್ತು ಸಾವಿರ ಹುಳು. ಹೋದರೆ ಅಷ್ಟೂ ಒಟ್ಟಿಗೆ ಹೋಗುತ್ತೆ, ಜೊತೆಗೆ ಮೊಟ್ಟೆಯ ದುಡ್ಡು, ಸೊಪ್ಪಿನ ದುಡ್ಡು, ಕೂಲಿ.

ತಳಿ ಮಾಡುವವರು ಎಳೆಯ ಉದ್ದವನ್ನು ಅಳೆದರು. ಹುಳುವಿನ ತ್ರಾಣವನ್ನು ತಣ್ಣಗಿನ ಕೋಣೆಯಲ್ಲಿ ಅಳೆದರು. ಕಡಿಮೆ ಬಿದ್ದದ್ದನ್ನು ಹುಳುವೂ ರೈತನೂ ಹಂಚಿಕೊಂಡರು. ಇದರ ಮೇಲೆ 1980ರಲ್ಲಿ ಬಂಗಾಳದ ಕಡೆಯಿಂದ ಊಜಿ ನೊಣ ಬೇರೆ ಕರ್ನಾಟಕಕ್ಕೆ ಬಂತು. ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತೆ, ಅದರ ಮರಿ ಒಳಗಿಂದ ತಿನ್ನುತ್ತೆ. ಕಾಡಿನ ಹುಳುವಾದರೆ ತಲೆ ಝಾಡಿಸಿಯಾದರೂ ಓಡಿಸಲು ನೋಡೀತು. ನಮ್ಮದಕ್ಕೆ ಸೊಳ್ಳೆ ಪರದೆ ಕಟ್ಟಬೇಕು. ಶ್ರೀನಿವಾಸಪುರದಲ್ಲಿ ಇನ್ನೊಂದು ತಲೆನೋವು, ಮಾವಿನ ತೋಪಿಗೆ ಹೊಡೆದ ಔಷಧಿ ಗಾಳಿಯಲ್ಲಿ ಬಂದು ಸೊಪ್ಪಿನ ಮೇಲೆ ಕೂತರೆ ಮುಗಿಯಿತು.

ಇದನ್ನು ಸಂಶೋಧಕರು ಕಾಣಲಿಲ್ಲ ಅಂತಲ್ಲ. 1991ರಿಂದ ಜಪಾನಿನ ಸಹಕಾರದಲ್ಲಿ ಮತ್ತೆ ಕೆಲಸ ನಡೆದು 1990ರ ದಶಕದ ಕೊನೆಗೆ ಸಿಎಸ್‌ಆರ್2, ಸಿಎಸ್‌ಆರ್4 ತಳಿಗಳು ಬಂದವು, ಒಂದು ಗೂಡಿನಲ್ಲಿ ಸಾವಿರ ಮೀಟರಿಗೂ ಉದ್ದದ ಎಳೆ. ಅದರ ಜೊತೆಗೇ ಬಿಸಿಲು ತಡೆಯುವುದಕ್ಕೆ ಅಂತಲೇ ಸಿಎಸ್‌ಆರ್18, ಸಿಎಸ್‌ಆರ್19 ಕೂಡಿಸಿದ ಮಿಶ್ರಣ ಮಾಡಿದರು. ಮೈಸೂರು ತಾಯಿಗೆ ಸಿಎಸ್‌ಆರ್2 ಗಂಡು ಕೂಡಿಸಿದ ಮಿಶ್ರತಳಿಗೆ ಇಟ್ಟ ಹೆಸರು ಏನು ಗೊತ್ತಾ? 'ಕೋಲಾರ್ ಗೋಲ್ಡ್'! ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು, ಈ ಚಿನ್ನ ಇನ್ನೂ ಹೊರಗೆ ಬರುತ್ತಿದೆ.

ಮುಂದಿನ ಪ್ರಶ್ನೆ ಇನ್ನೂ ಕಷ್ಟದ್ದು. 2000ದಲ್ಲಿ ಜಪಾನಿನವರು ರೇಷ್ಮೆ ಹುಳುವಿಗೆ ಬೇರೆ ಜೀವಿಯ ಜೀನು ಸೇರಿಸುವುದನ್ನು ಸಾಧಿಸಿದರು. ಆಮೇಲೆ ನೀಲಿ ಬೆಳಕಿಗೆ ಹಿಡಿದರೆ ಹಸಿರಾಗಿ ಹೊಳೆಯುವ ರೇಷ್ಮೆಯನ್ನೂ ತೆಗೆದರು. ಅದೇ ವಿದ್ಯೆಯನ್ನು ಹಿಡಿದು ಹೈದರಾಬಾದಿನ ಸಿಡಿಎಫ್‌ಡಿಯಲ್ಲಿ ಜೆ. ನಾಗರಾಜು ಅವರ ತಂಡ ಹಾಲು ರೋಗದ ವೈರಸ್ಸನ್ನು ತಡೆಯುವ ಹುಳುವನ್ನು ಮಾಡಿತು, ಆ ಕೆಲಸ 2013ರಲ್ಲಿ ಪ್ರಕಟವಾಯಿತು. ನಾಗರಾಜು ಅಷ್ಟರಲ್ಲಿ ತೀರಿಕೊಂಡಿದ್ದರು. ಎರಡೂ ಜೀನು ತಿದ್ದಿದ ಹುಳುಗಳೇ. ಒಂದು ಹೊಳೆಯುವುದರಿಂದ ಹುಳುವಿಗೆ ಲಾಭ ಏನೂ ಇಲ್ಲ. ಇನ್ನೊಂದು ಹುಳು ಮೈ ಒಡೆದುಕೊಂಡು ಸಾಯುವುದು ತಪ್ಪುತ್ತೆ. 'ಜೀನ್ ಮುಟ್ಟಬೇಡಿ' ಅನ್ನುವವರಿಗೆ ಎರಡೂ ಒಂದೇ. ನನಗೆ ಹಾಗೆ ಕಾಣುವುದಿಲ್ಲ. ಆ ಗುಂಡಿಗೆ ಸುರಿದ ಮಂಕರಿಗಳನ್ನು ನೋಡಿದವರಿಗೆ ಯಾರಿಗೂ ಹಾಗೆ ಕಾಣಲಾರದು.

ಕೊನೆಗೆ ಶುದ್ಧ ಮೈಸೂರಿನ ಒಂದು ಮಾತು. ಮಿಶ್ರತಳಿಯಲ್ಲಿ ಮೈಸೂರು ಯಾವಾಗಲೂ ತಾಯಿಯೇ ಆಗಬೇಕು. ಮೊಟ್ಟೆ ನಿದ್ದೆಗೆ ಹೋಗುತ್ತೋ ಇಲ್ಲವೋ ಅನ್ನುವುದು ತಾಯಿಯಿಂದ ತೀರ್ಮಾನವಾಗುತ್ತೆ. ದ್ವಿತಳಿ ತಾಯಿಯ ಮೊಟ್ಟೆ ತಿಂಗಳುಗಟ್ಟಲೆ ಮಲಗಿಬಿಡುತ್ತೆ, ಎಬ್ಬಿಸಲು ಆಸಿಡ್ಡಿನಲ್ಲಿ ಅದ್ದಬೇಕು. ಮೈಸೂರು ತಾಯಿಯದು ತಾನೇ ಒಡೆಯುತ್ತೆ. ಆ ತಾಯಿ ಗೂಡನ್ನು ಬೆಳೆಯುವುದು ನಮ್ಮ ಕಡೆ ಅಲ್ಲ, ಮಾಗಡಿ, ಕುಣಿಗಲ್ ಕಡೆಯ ಬಿತ್ತನೆ ಹಳ್ಳಿಗಳಲ್ಲಿ. ದ್ವಿತಳಿ ಹೆಚ್ಚಿದಷ್ಟೂ ಆ ಗೂಡನ್ನು ಕೇಳುವವರು ಕಡಿಮೆ. ಕೇಳುವವರಿಲ್ಲದಿದ್ದರೆ ಇನ್ನೂರು ವರ್ಷಕ್ಕೂ ಮೇಲೆ ಈ ಬಿಸಿಲಿಗೆ ಒಗ್ಗಿದ ತಳಿ ಹೊಸೂರಿನ ಸಂಗ್ರಹದಲ್ಲಿ ಒಂದು ನಂಬರಾಗಿ ಉಳಿಯುತ್ತೆ. ಮುಳಬಾಗಿಲಿನಲ್ಲಿರುವ ನಮ್ಮ ಚಿಕ್ಕಪ್ಪ ಈಗಲೂ ಚಳಿಗಾಲಕ್ಕೆ ದ್ವಿತಳಿ ಮೇಯಿಸಿ, ಮಾರ್ಚಿನಿಂದ ಮಿಶ್ರತಳಿಗೆ ತಿರುಗುತ್ತಾರೆ. ಮಾಗಡಿ, ಕುಣಿಗಲ್ ಕಡೆಯವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಊರಿನಲ್ಲಿ ಈ ವರ್ಷ ಎಷ್ಟು ಮನೆ ಮೈಸೂರು ಬಿತ್ತನೆ ಹುಳು ಮೇಯಿಸಿದರು ಅಂತ ದಯವಿಟ್ಟು ತಿಳಿಸಿ.